ಕೆಂಪು ಬಾಟಲಿಯ ಸಕ್ಕರೆ ಗಿಳಿ

ಚಿನ್ನು, ಪುಟ್ಟ — ಆ ಸಕ್ಕರೆ ಹರಳುಗಳನ್ನು ಅಂಬಿಕಾ ತಿನ್ನಲಿಲ್ಲ. ನಾನು ಕರಗಿಸಿದೆ.

ಮೂರು ಬಾಟಲಿಯ ಪಾಕವನ್ನೂ ಒಂದೇ ಪಾತ್ರೆಗೆ ಬಗ್ಗಿಸಿದವಳು ನಾನು. ದಾರಕ್ಕೆ ಅಂಟಿದ್ದ ಹರಳುಗಳನ್ನು ಉಗುರಿನಿಂದ ಬಿಡಿಸಿ ಅದೇ ಪಾತ್ರೆಗೆ ಹಾಕಿ ಒಲೆಯ ಮೇಲೆ ಇಟ್ಟವಳು ನಾನು. ಆಮೇಲೆ ನಿಮ್ಮ ಅಮ್ಮ ಕೇಳಿದಾಗ ‘ನೋಡಲಿಲ್ಲ’ ಎಂದವಳೂ ನಾನೇ.

ಇಷ್ಟು ನಾಲ್ಕು ಸಾಲು ಬರೆಯಲು ನನಗೆ ಒಂಬತ್ತು ಸಂಕ್ರಾಂತಿ ಬೇಕಾದವು. ಪ್ರತಿ ವರ್ಷ ನಾನು ಅಚ್ಚು ಮಾಡಲು ಕೂತಾಗ ಪುಟ್ಟ ಅಡುಗೆಮನೆಯ ಬಾಗಿಲಿಗೆ ಬಂದು, ‘ಅಜ್ಜಿ, ಡಬ್ಬ ಮುಚ್ಚಿಡು, ಅಂಬಿ ಬಂದ್ಬಿಟ್ಟಾಳು!’ ಎನ್ನುತ್ತಾನೆ. ನೀವೆಲ್ಲ ನಗುತ್ತೀರಿ. ನಿಮ್ಮ ಅಪ್ಪ ಕೂಡ. ಪುಟ್ಟನಿಗೆ ಅವಳ ಮುಖವೇ ನೆನಪಿಲ್ಲ — ಆಗ ಅವನಿಗೆ ಏಳು ವರ್ಷ. ಆದರೂ ಅವಳ ಹೆಸರು ನಮ್ಮ ಮನೆಯಲ್ಲಿ ಸಕ್ಕರೆ ಕದಿಯುವವರಿಗೆ ಇಟ್ಟ ಹೆಸರಾಗಿ ಉಳಿದುಬಿಟ್ಟಿದೆ. ನಾನೂ ತಲೆ ತಗ್ಗಿಸಿ ಸ್ವಲ್ಪ ನಗುತ್ತಿದ್ದೆ. ನಗದಿದ್ದರೆ ಯಾರಾದರೂ ನನ್ನ ಮುಖ ನೋಡಿಯಾರು ಎಂಬ ಭಯ.

ಬಾಯಿಂದ ಹೇಳಲು ನನ್ನಿಂದ ಆಗದು. ನಿಮಗೆ ಗೊತ್ತೇ ಇದೆ — ನಾಲ್ಕು ಜನ ಕೂತಿದ್ದರೆ ನಾನು ಕಾಫಿ ಲೋಟ ಇಟ್ಟು ಒಳಗೆ ಹೋಗುವವಳು. ಮಾಲೂರಿನ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತದ್ದು ಅಕ್ಷರ ಮಾತ್ರ, ಮಾತು ಕಲಿಯಲಿಲ್ಲ. ಚಿನ್ನು, ಹೋದ ವಾರ ನೀನು ಹೊಸ ನೋಟುಬುಕ್ಕು ತಂದು ನನ್ನ ಮಡಿಲಲ್ಲಿ ಇಟ್ಟು, ‘ಅಜ್ಜಿ, ನಾವು ಚಿಕ್ಕೋರಿದ್ದಾಗ ಸಂಕ್ರಾಂತಿ ಸಕ್ಕರೇಲಿ ಆಟ ಆಡ್ತಿದ್ವಲ್ಲ, ಅದನ್ನೆಲ್ಲ ನೆನಪು ಮಾಡ್ಕೊಂಡು ಬರ್ಕೊಡು. ಲಿಂಗರಾಜಪುರದಲ್ಲಿ ನಾನು ಪಾಠ ಹೇಳ್ಕೊಡೋ ಮಕ್ಕಳಿಗೆ ಭಾನುವಾರ ಮಾಡಿಸ್ಬೇಕು. ನಿನಗೇ ಚೆನ್ನಾಗಿ ಗೊತ್ತು,’ ಎಂದೆ.

ನನಗೇ ಚೆನ್ನಾಗಿ ಗೊತ್ತು. ಹೌದು.

ಬರೆಯಲು ಕೂತೆ. ಮೊದಲನೆಯದು ಬರೆದೆ: ‘ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ತಣ್ಣೀರು, ಒಂದರಲ್ಲಿ ಬಿಸಿನೀರು. ಒಂದೇ ಅಳತೆಯ ಎರಡು ಸಕ್ಕರೆ ಅಚ್ಚುಗಳನ್ನು ಒಟ್ಟಿಗೆ ಬಿಡಿ. ಯಾವುದು ಮೊದಲು ಕರಗುತ್ತದೆ ನೋಡಿ.’ ಎರಡನೆಯದೂ ಬರೆದೆ: ‘ಎಳ್ಳಿಗೆ ಬೆರೆಸುವ ಬಣ್ಣಬಣ್ಣದ ಜೀರಿಗೆ ಪೆಪ್ಪರಮೆಂಟನ್ನು ಬಿಳಿ ತಟ್ಟೆಯ ಅಂಚಿನಲ್ಲಿ ಸುತ್ತಲೂ ಜೋಡಿಸಿ, ನಡುವೆ ಮೆಲ್ಲನೆ ಬೆಚ್ಚನೆಯ ನೀರು ಹುಯ್ಯಿರಿ. ಬಣ್ಣಗಳು ನಡುವಿಗೆ ಹರಿದು ಬರುತ್ತವೆ. ಸ್ವಲ್ಪ ಹೊತ್ತು ಒಂದರೊಳಗೊಂದು ಬೆರೆಯುವುದಿಲ್ಲ, ಪಕ್ಕಪಕ್ಕ ನಿಲ್ಲುತ್ತವೆ.’ ಮೂರನೆಯದಕ್ಕೆ ಬಂದೆ — ದಾರದ ಮೇಲೆ ಹರಳು ಬೆಳೆಸುವುದು. ಅಲ್ಲಿ ಕೈ ನಿಂತಿತು. ಅದನ್ನು ನಾನು ಹೇಳಿಕೊಟ್ಟೆ ಎಂಬಂತೆ ಹೇಗೆ ಬರೆಯಲಿ? ಆ ಹಾಳೆಯನ್ನು ಹರಿದು ಇದನ್ನು ಶುರು ಮಾಡಿದೆ.

ಅಂಬಿಕಾಳ ವಿಷಯ ಹೇಳುತ್ತೇನೆ. ನೀವು ಮರೆತ ಅಂಬಿಕಾ.

ನಮ್ಮ ತಿಪ್ಪಸಂದ್ರದ ಮನೆಯ ಕೆಳಗೆ, ಹಿಂದುಗಡೆ, ಒಂದು ಕೋಣೆ ಇದೆಯಲ್ಲ — ಈಗ ಪುಟ್ಟನ ಸೈಕಲ್ಲು, ಹಳೆಯ ಕುರ್ಚಿ ಇಟ್ಟಿರುವುದು — ಅದರಲ್ಲಿ ಆಗ ಯಾದಗಿರಿಯ ಕಡೆಯವರು ಬಾಡಿಗೆಗಿದ್ದರು. ಅಪ್ಪ ಗಾರೆ ಕೆಲಸದವನು. ಅಮ್ಮ ಮಹಾದೇವಿ ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊರುವಳು. ಅಂಬಿಕಾ ಒಬ್ಬಳೇ ಮಗಳು. ಚಿನ್ನು, ನಿನಗಿಂತ ಕೆಲವೇ ತಿಂಗಳು ದೊಡ್ಡವಳು. ಹತ್ತಿರದ ಸರ್ಕಾರಿ ಶಾಲೆಗೆ ಹೋಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಬರುವ ತನಕ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿರುವಳು. ನೀನೇ ಅವಳನ್ನು ಕೈ ಹಿಡಿದು ಮೇಲೆ ಕರೆತಂದದ್ದು.

ಆ ವರ್ಷ ಸಂಕ್ರಾಂತಿಗೆ ಮೂರು ವಾರ ಮೊದಲು ನಿನ್ನ ಶಾಲೆಯಲ್ಲಿ ಯಾರೋ ಹೇಳಿಕೊಟ್ಟಿದ್ದರು, ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟರೆ ಹರಳು ಬೆಳೆಯುತ್ತದೆ ಎಂದು. ಉಪ್ಪಿನಕಾಯಿಯ ಮೂರು ಗಾಜಿನ ಬಾಟಲಿ ನಾನೇ ತೊಳೆದು ಕೊಟ್ಟೆ. ಸಕ್ಕರೆ ಕರಗಿಸಿ ಕೊಟ್ಟೆ. ಕಸಪೊರಕೆಯಿಂದ ಮೂರು ತೆಂಗಿನ ಕಡ್ಡಿ ಮುರಿದುಕೊಂಡು, ದಾರ ಕಟ್ಟಿ, ಬಾಟಲಿಯ ಬಾಯಿಗೆ ಅಡ್ಡ ಇಟ್ಟಿರಿ. ಮೂರು ದಿನವಾದರೂ ಒಂದು ಹರಳಿಲ್ಲ. ನೀನು ಅಳತೊಡಗಿದೆ. ಅಂಬಿಕಾ ಬಾಟಲಿಯ ಪಕ್ಕಕ್ಕೆ ಕಣ್ಣು ತಂದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

‘ಬರೇ ದಾರಕ್ಕ ಸಕ್ರಿ ಹಿಡಿಯಂಗಿಲ್ರೀ ಅಜ್ಜಿ. ನಮ್ಮಪ್ಪ ಕಂಬಕ್ಕ ಪ್ಲಾಸ್ಟರ್ ಮಾಡೂ ಮುಂದ ಮೊದ್ಲ ಕೊಚ್ಚತಾನ. ನುಣ್ಣಗಿದ್ರ ಸಿಮೆಂಟ್ ಹಿಡಿಯಂಗಿಲ್ಲ. ಇದಕೂ ಹಂಗೇ — ಹಿಡ್ಕೊಳ್ಳಾಕ ಒಂದ್ ಜಾಗ ಬೇಕು.’

ದಾರವನ್ನು ಒದ್ದೆ ಮಾಡಿ, ಪುಡಿ ಸಕ್ಕರೆಯಲ್ಲಿ ಹೊರಳಿಸಿ, ಒಣಗಿಸಿ, ಮತ್ತೆ ಇಳಿಬಿಟ್ಟಳು. ಒಂದು ಬಾಟಲಿಗೆ ಜೀರಿಗೆ ಪೆಪ್ಪರಮೆಂಟಿನ ಕೆಂಪು ಬಣ್ಣ ತೊಳೆದು ಹಾಕಿದಳು — ಬಣ್ಣವಿದ್ದರೆ ಹರಳೂ ಕೆಂಪಾಗುತ್ತದೆಯೋ ಇಲ್ಲವೋ ನೋಡಬೇಕಂತೆ. ಎರಡನೆಯ ದಿನಕ್ಕೆ ದಾರದ ಮೇಲೆ ಏನೋ ಮಿಂಚಿತು.

ಅಂದಿನಿಂದ ಅವಳು ದಿನವೂ ಬಂದು ಅಳೆಯುವಳು. ಅಳತೆ ಪಟ್ಟಿ ಇಟ್ಟರೆ ಬಾಟಲಿ ಅಲುಗುತ್ತದೆ ಎಂದು, ನನ್ನ ಅಡುಗೆಮನೆಯಿಂದ ಒಂದೊಂದು ಕಾಳು ಕೇಳಿ ತೆಗೆದುಕೊಂಡು, ಗಾಜಿನ ಹೊರಗೆ ಹಿಡಿದು ಹೋಲಿಸಿ ಬರೆದುಕೊಳ್ಳುವಳು. ಇವತ್ತು ರಾಗಿ. ಇವತ್ತು ಎಳ್ಳು. ಇವತ್ತು ಅಕ್ಕಿ. ಕಾಳನ್ನು ವಾಪಸು ತಂದು ಡಬ್ಬಕ್ಕೇ ಹಾಕುವಳು. ‘ತೊಗರಿ ಆಗ್ಯಾದ ಅಜ್ಜಿ!’ ಎಂದು ಒಂದು ದಿನ ಕುಣಿದುಕೊಂಡು ಬಂದಳು. ‘ಕಡ್ಲಿಯಷ್ಟಾದ ದಿನ ಸಾಲಿಗಿ ಒಯ್ತೀನಿ. ಟೀಚರ್ ಹೇಳ್ಯಾರ, ಇದು ಛಲೋ ಬಂದ್ರ ಎಲ್ಲಾರ ಮುಂದ ತೋರಸು, ನಾನೇ ನಿಂತು ಹಾಸ್ಟೆಲ್ ಸಾಲಿಗಿ ಅರ್ಜಿ ತುಂಬಸ್ತೀನಿ ಅಂತ. ಅಲ್ಲಿ ಹತ್ತನೇತ್ತ ತನಕ ಓದಸ್ತಾರಂತ್ರೀ. ಅಪ್ಪ ಎಲ್ಲಿ ಕೆಲ್ಸಕ್ಕ ಹೋದ್ರೂ ನಾ ಸಾಲಿ ಬಿಡೂದಿಲ್ಲ.’

ಇದನ್ನು ಅವಳು ನನಗೆ ಹೇಳಿದ್ದಳು. ನಿಮಗಲ್ಲ, ನನಗೆ. ಆ ಮೂರು ಬಾಟಲಿ ಅವಳಿಗೆ ಏನು ಎಂಬುದು ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಗೊತ್ತಿತ್ತು.

ಇನ್ನು ಹಬ್ಬಕ್ಕೆ ಮೊದಲಿನ ಆ ಶನಿವಾರ.

ನಿಮ್ಮ ತಾತ ಹೋದ ಮೇಲೆ ಅದು ಎರಡನೆಯ ಸಂಕ್ರಾಂತಿ. ನಮ್ಮ ಹಳ್ಳಿಯಲ್ಲಿ ಗಂಡ ಸತ್ತವಳು ಎಳ್ಳು ಬೀರುವ ತಟ್ಟೆ ಮುಟ್ಟುವುದಿಲ್ಲ. ಮೊದಲ ವರ್ಷ ನಾನು ಕೋಣೆಯಲ್ಲೇ ಇದ್ದೆ. ಎರಡನೆಯ ವರ್ಷ ನಿಮ್ಮ ಅಮ್ಮ ಒಪ್ಪಲಿಲ್ಲ. ಹಲಸೂರಿನಿಂದ ನಿಮ್ಮ ಆ ಅಜ್ಜಿ, ಅಮ್ಮನ ತಾಯಿ, ಬಂದಿದ್ದಾಗ, ‘ಅವರ ಕೈಲಿ ಯಾಕೇ ಮಾಡಿಸ್ತೀಯ? ಶುಭಕಾರ್ಯ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?’ ಎಂದದ್ದು ನನಗೆ ಕೇಳಿಸಿತ್ತು. ನಿಮ್ಮ ಅಮ್ಮ, ‘ಅಮ್ಮ, ಅದೆಲ್ಲ ನಮ್ಮನೇಲಿ ನಡೆಯಲ್ಲ. ನಮ್ಮತ್ತೆ ಅಚ್ಚು ಹುಯ್ದ್ರೆ ಅಂಗಡಿಯೋನು ಬಾಗಿಲು ಹಾಕ್ಕೊಂಡು ಹೋಗ್ಬೇಕು, ನೋಡ್ತಿರು!’ ಎಂದು ನಕ್ಕಳು. ಆ ನಗು ನನಗೆ ಎಷ್ಟು ದೊಡ್ಡದಾಗಿತ್ತು... ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ತವರಿನಿಂದ ತಂದ ಮರದ ಅಚ್ಚುಗಳನ್ನು ಪೆಟ್ಟಿಗೆಯಿಂದ ತೆಗೆದೆ — ಗಿಳಿ, ಕಮಲ, ಆನೆ, ಬೃಂದಾವನ. ಹಿಂದಿನ ದಿನವೇ ನೀರಲ್ಲಿ ನೆನೆಸಿ, ಜೋಡಿಸಿ, ದಾರದಿಂದ ಬಿಗಿದು ಇಟ್ಟೆ.

ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಪಾಕ ಇಟ್ಟೆ. ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಒಂದೇ ಸಲಕ್ಕೆ ಹಾಕಿದೆ. ಒಲೆಯ ಉರಿ ಎಷ್ಟಿದೆ ಎಂದು ನೋಡಲಿಲ್ಲ. ಏನೋ ನೆನೆಯುತ್ತಾ ನಿಂತುಬಿಟ್ಟೆ — ನಿಮ್ಮ ತಾತ ಗಿಳಿ ಅಚ್ಚನ್ನೇ ಆರಿಸಿ ಆರಿಸಿ ತಿನ್ನುತ್ತಿದ್ದರಲ್ಲ, ಅದನ್ನು. ನೋಡುವಷ್ಟರಲ್ಲಿ ಪಾಕ ಕಂದು ತಿರುಗಿ ಹೊಗೆಯಾಡುತ್ತಿತ್ತು. ಕಹಿ ವಾಸನೆ. ಅಚ್ಚಿಗೆ ಬೇಕಾದದ್ದು ಹಾಲಿನಂತೆ ಬಿಳುಪು.

ಅಂಗಡಿ ನೂರು ಹೆಜ್ಜೆ ದೂರ. ಮಾರ್ಕೆಟ್ಟು ರಸ್ತೆಯಲ್ಲಿ, ಆಗಲೇ ಕಬ್ಬು, ಅವರೆಕಾಯಿ ರಾಶಿ ಬಿದ್ದಿದ್ದ ಕಡೆ. ನಾನು ಅಲ್ಲಿಗೆ ಒಬ್ಬಳೇ ಹೋದವಳಲ್ಲ. ಅಂಗಡಿಯವನು ತಮಿಳಿನಲ್ಲಿ ಏನೋ ಕೇಳುತ್ತಾನೆ, ನಾನು ಸುಮ್ಮನೆ ನಿಂತಿರುತ್ತೇನೆ, ಹಿಂದಿನವರು ಮುಂದೆ ಬರುತ್ತಾರೆ... ಆದರೆ ನಿಜವಾದ ಕಾರಣ ಅದಲ್ಲ. ಅಂಗಡಿಗೆ ಹೋದರೆ ಸಕ್ಕರೆ ಯಾಕೆ ಸಾಲಲಿಲ್ಲ ಎಂದು ಮನೆಯಲ್ಲಿ ಹೇಳಬೇಕಾಗುತ್ತದೆ. ವಿಧವೆಯ ಕೈ ಬಿದ್ದದ್ದಕ್ಕೇ ಪಾಕ ಕೆಟ್ಟಿತು ಎಂದು ಹಲಸೂರಿನವರು ಹೇಳುತ್ತಾರೆ. ನಿಮ್ಮ ಅಮ್ಮ ಹೇಳುವುದಿಲ್ಲ. ಆದರೆ ಮುಂದಿನ ವರ್ಷ ಅಂಗಡಿಯಿಂದ ತರಿಸುತ್ತಾಳೆ.

ಕೆಟ್ಟ ಪಾಕಕ್ಕೆ ನೀರು ಹುಯ್ದು ಬಚ್ಚಲಿಗೆ ಚೆಲ್ಲಿದೆ. ಪಾತ್ರೆ ತಿಕ್ಕಿದೆ. ತಿರುಗಿದರೆ ಹಜಾರದ ಕಿಟಕಿಯಲ್ಲಿ, ಬಿಸಿಲಿನಲ್ಲಿ, ಮೂರು ಬಾಟಲಿ.

ನಾನು ಏನು ಯೋಚಿಸಿದೆ ಎಂದು ನೆನಪಿದೆ. ಮಕ್ಕಳ ಆಟ ತಾನೇ, ನಾಳೆ ಮತ್ತೆ ಮಾಡಿಕೊಡುತ್ತೇನೆ — ಹಾಗೆ ಯೋಚಿಸಿದೆ. ಹನ್ನೆರಡು ದಿನದ್ದನ್ನು ನಾಳೆ ಮಾಡಿಕೊಡುವುದು ಹೇಗೆ? ಅದನ್ನು ಯೋಚಿಸಲಿಲ್ಲ. ಅಥವಾ ಯೋಚನೆ ಬರುವುದರೊಳಗೆ ಮುಗಿಸಿಬಿಡಬೇಕೆಂದು ಕೈ ಬೇಗ ಬೇಗ ಓಡಿತು. ಬಿಳಿಯವು ಎರಡನ್ನೂ ಹುಯ್ದೆ. ಸಾಲದೆನಿಸಿತು. ಕೆಂಪನ್ನೂ ಹುಯ್ದೆ. ಹರಳುಗಳು ಪಾತ್ರೆಯ ತಳಕ್ಕೆ ಬಿದ್ದಾಗ ಸಣ್ಣ ಕಲ್ಲುಗಳು ಬಿದ್ದ ಹಾಗೆ ಸದ್ದಾಯಿತು. ಖಾಲಿ ಬಾಟಲಿ, ದಾರಗಳನ್ನು ಕಿಟಕಿಯಲ್ಲೇ ವಾಪಸು ಇಟ್ಟೆ. ಒಂದು ಚಮಚ ಹಾಲು ಹಾಕಿ ಕೊಳೆ ತೆಗೆದೆ. ಈ ಸಲ ಉರಿ ಸಣ್ಣಗಿಟ್ಟೆ. ಪಾಕ ಚೆನ್ನಾಗಿ ಬಂತು. ಹಾಗೆ ಚೆನ್ನಾಗಿ ಬಂದದ್ದು ಅದಕ್ಕೂ ಮೊದಲು ಇಲ್ಲ, ಆಮೇಲೂ ಇಲ್ಲ.

ಅಂಬಿಕಾಳ ಶಾಲೆ ಶನಿವಾರ ಬೇಗ ಬಿಡುತ್ತದೆ ಎಂಬುದು ನನಗೆ ನೆನಪಾಗಲಿಲ್ಲ. ನಾನು ಒಲೆಯ ಹತ್ತಿರ ಅಚ್ಚಿಗೆ ಪಾಕ ಹುಯ್ಯುತ್ತಿದ್ದೆ. ತೆರೆದ ಬಾಗಿಲಿನಿಂದ ಅವಳು ಹಜಾರಕ್ಕೆ ಬಂದದ್ದು ಗೊತ್ತಾಗಲಿಲ್ಲ. ಅವಳು ಕೂಗಲಿಲ್ಲ. ಕಿಟಕಿಯ ಮುಂದೆ ಸುಮ್ಮನೆ ನಿಂತಿದ್ದಿರಬೇಕು. ನಿಮ್ಮ ಅಮ್ಮ ನಿಮ್ಮಿಬ್ಬರನ್ನು ಶಾಲೆಯಿಂದ ಕರೆದುಕೊಂಡು ಬಂದಾಗ ಅವಳ ಒಂದು ಕೈಯಲ್ಲಿ ಖಾಲಿ ಬಾಟಲಿ, ಇನ್ನೊಂದರಲ್ಲಿ ದಾರ. ಬೆರಳೆಲ್ಲ ಅಂಟು.

‘ಅಮ್ಮಾ, ನಮ್ ಹರಳು!’ ಎಂದು ನೀನು ಕಿರುಚಿದೆ, ಚಿನ್ನು.

‘ಏ ಅಂಬಿ! ಎಲ್ಲಾ ತಿಂದ್ಬಿಟ್ಯಾ?’ ಎಂದಳು ನಿಮ್ಮ ಅಮ್ಮ.

‘ನಾ ತಿಂದಿಲ್ರೀ ಆಂಟಿ. ನಾ ಬಂದಾಗೇ ಖಾಲಿ ಇದ್ವು.’

‘ಕೈ ನೋಡು, ಅಂಟಂಟು! ಸುಳ್ಳು ಬೇರೆ ಹೇಳ್ತೀಯಾ?’

‘ಸುಳ್ಳಲ್ರೀ. ಅಜ್ಜಿ ಮನ್ಯಾಗೇ ಇದ್ದಾರ. ಅಜ್ಜಿಗಿ ಕೇಳ್ರಿ.’

ಅಜ್ಜಿಗಿ ಕೇಳ್ರಿ. ಎಷ್ಟು ನಂಬಿಕೆಯಿಂದ ಹೇಳಿದಳು. ನಾನು ಇದ್ದೇನೆ ಎಂಬುದೇ ಅವಳಿಗೆ ಸಾಕ್ಷಿ.

ನಿಮ್ಮ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ‘ಅತ್ತೆ, ಈ ಹುಡುಗಿ ಯಾವಾಗ ಬಂದ್ಲು? ಬಾಟ್ಲಿ ಖಾಲಿ ಮಾಡಿದ್ದು ನೋಡಿದ್ರಾ ನೀವು?’

ನನ್ನ ಕೈಯಲ್ಲಿ ಪಾಕದ ಪಾತ್ರೆ ಇತ್ತು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ತಿಳಿಗೆಂಪಗೆ. ಅವಳು ಒಂದು ಹೆಜ್ಜೆ ಮುಂದೆ ಬಂದಿದ್ದರೆ ಕಾಣುತ್ತಿತ್ತು.

‘ನಾನು ನೋಡ್ಲಿಲ್ಲಮ್ಮ. ಒಲೆ ಹತ್ರ ಇದ್ದೆ.’

ಅಷ್ಟೇ. ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ನಾನು ಅಳುಕದೆ, ತೊದಲದೆ ಆಡಿದ ಮಾತು ಅದೊಂದೇ ಇರಬೇಕು.

ಮೂರು ಬಾಟಲಿ ಪಾಕವನ್ನು ಅಷ್ಟು ಚಿಕ್ಕ ಹುಡುಗಿ ಕುಡಿಯಲು ಆಗುತ್ತದೆಯೇ? ಯಾರೂ ಕೇಳಲಿಲ್ಲ. ಹರಳು ತಿಂದು ಪಾಕ ಚೆಲ್ಲಿರುತ್ತಾಳೆ ಎಂದುಕೊಂಡರು. ಚೆಲ್ಲಿದ್ದರೆ ಇರುವೆ ಬರಬೇಕಿತ್ತಲ್ಲ? ಅದನ್ನೂ ಯಾರೂ ನೋಡಲಿಲ್ಲ. ಸಂಜೆ ನಿಮ್ಮ ಅಪ್ಪ ಕೆಳಗೆ ಹೋಗಿ ಮಹಾದೇವಿಗೆ ಹೇಳಿದರು. ಜೋರು ಮಾಡಲಿಲ್ಲ, ಮೆಲ್ಲಗೇ ಹೇಳಿದರು — ‘ಮಕ್ಕಳು ಬೇಜಾರು ಮಾಡ್ಕೊಂಡಿದ್ದಾವೆ, ಸ್ವಲ್ಪ ನೋಡ್ಕೊಳ್ಳಮ್ಮ.’ ಆಮೇಲೆ ಮಹಾದೇವಿ ಅವಳನ್ನು ಹೊಡೆದ ಸದ್ದು ಮೇಲಕ್ಕೆ ಕೇಳಿಸಿತು. ‘ಕಳ್ಳಿ ಅನ್ನಿಸ್ಕೊಂಡೆಲ್ಲ, ಇರೂ ಮನ್ಯಾಗ ಕಳ್ಳಿ ಅನ್ನಿಸ್ಕೊಂಡೆಲ್ಲ,’ ಎಂದು ತಾನೂ ಅಳುತ್ತಾ ಹೊಡೆಯುತ್ತಿದ್ದಳು. ಅಂಬಿಕಾಳ ದನಿ ಮಾತ್ರ ಕೇಳಿಸಲಿಲ್ಲ. ನಾನು ಅಚ್ಚುಗಳ ದಾರ ಬಿಚ್ಚುತ್ತಿದ್ದೆ. ಒಂದೂ ಮುರಿದಿರಲಿಲ್ಲ.

ಅಚ್ಚುಗಳು ತಿಳಿಗೆಂಪಾಗಿದ್ದವು. ಬೆಳಕಿಗೆ ಹಿಡಿದರೆ ಮಾತ್ರ ತಿಳಿಯುವಷ್ಟು. ‘ಬಣ್ಣ ಹಾಕಿದ್ದೀರಾ ಅತ್ತೆ? ಎಷ್ಟು ಚೆಂದ!’ ಎಂದಳು ನಿಮ್ಮ ಅಮ್ಮ. ಮನೆಯವರೆಲ್ಲ ನೋಡಿದರು. ಆದರೂ ಒಬ್ಬರಿಗೂ ನಿಜ ಕಾಣಲಿಲ್ಲ.

ಹಬ್ಬದ ದಿನ ಅದನ್ನು ದೇವರ ಮುಂದೆ ಇಟ್ಟೆವು. ನೀವು ಮಕ್ಕಳು ಬೆರಳು ಅದ್ದಿ ನೆಕ್ಕಿದ ಎಂಜಲು ಪಾಕ, ಕಸಪೊರಕೆಯ ಕಡ್ಡಿ ಮುಳುಗಿದ ಪಾಕ. ಅದು ಹಲಸೂರಿನವರ ತಟ್ಟೆಗೂ ಹೋಯಿತು. ಈಗ ನಿಜ ಹೇಳಿದರೆ ಅಂಬಿಕಾಳ ಮಾತೊಂದೇ ಅಲ್ಲ, ಅಷ್ಟು ಮನೆಗಳಿಗೆ ಎಂಜಲು ಹಂಚಿದ್ದೂ ಹೊರಗೆ ಬರುತ್ತದೆ — ಹೀಗೆ ಮೊದಲ ಸುಳ್ಳಿಗೆ ಇನ್ನೊಂದು ಗೋಡೆ ಎದ್ದಿತು. ದೇವರಿಗೆ ಎಂಜಲಾಯಿತು ಎಂದು ನಾನು ಆ ದಿನವೆಲ್ಲ ಹೆದರಿದೆ. ಒಂದು ಮಗುವಿಗೆ ಏನಾಯಿತು ಎಂದು ಅಷ್ಟು ಹೆದರಲಿಲ್ಲ.

ಸಂಜೆ ಒಂದು ತಟ್ಟೆಯಲ್ಲಿ ಎಳ್ಳು, ಕಬ್ಬಿನ ತುಂಡು, ಎರಡು ಅಚ್ಚು ಇಟ್ಟುಕೊಂಡು ನಾನೇ ಕೆಳಗೆ ಹೋದೆ. ಮಹಾದೇವಿ ನೀರು ಹಿಡಿಯಲು ಹೋಗಿದ್ದಳು. ಅಂಬಿಕಾ ಹೊಸ್ತಿಲ ಮೇಲೆ ನೋಟುಬುಕ್ಕು ಇಟ್ಟುಕೊಂಡು ಕೂತಿದ್ದಳು. ಕೆನ್ನೆ ಊದಿತ್ತು. ತಟ್ಟೆ ಇಸಿದುಕೊಂಡಳು. ಗಿಳಿಯನ್ನು ಎತ್ತಿ, ಬಾಗಿಲ ಮೇಲಿನ ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು — ಬಾಟಲಿಯನ್ನು ದಿನಾ ನೋಡುತ್ತಿದ್ದಳಲ್ಲ, ಹಾಗೆಯೇ. ಆಮೇಲೆ ನನ್ನನ್ನು ನೋಡಿದಳು.

‘ಅಜ್ಜಿ, ಇದು ಕೆಂಪು ಬಾಟ್ಲೀದು.’

ಸಿಟ್ಟಿನಿಂದ ಹೇಳಲಿಲ್ಲ. ಒಂದು ಲೆಕ್ಕಕ್ಕೆ ಉತ್ತರ ಸಿಕ್ಕಿದ ಹಾಗೆ ಹೇಳಿದಳು. ಈಗ ಅಜ್ಜಿಯೂ ಹೌದು ಎನ್ನುತ್ತಾಳೆ, ಮೇಲೆ ಹೋಗಿ ಎಲ್ಲರಿಗೂ ಹೇಳುತ್ತಾಳೆ ಎಂದು ಕಾದಳು. ಆ ಮುಖ...

‘ಸುಮ್ನಿರು ಮಗಾ,’ ಎಂದೆ.

ಅವಳು ಗಿಳಿಯನ್ನು ತಟ್ಟೆಗೆ ವಾಪಸು ಇಟ್ಟಳು.

ಮಕ್ಕಳೇ, ಹರಳು ಕರಗಿಸಿದ್ದು ತಪ್ಪು. ನೋಡಲಿಲ್ಲ ಎಂದದ್ದು ಸುಳ್ಳು. ಆದರೆ ‘ಸುಮ್ನಿರು ಮಗಾ’ ಎಂದೆನಲ್ಲ — ಅದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಕಣ್ಣಿಟ್ಟು ನೋಡಿ ನಿಜ ಕಂಡುಹಿಡಿದ ಮಗುವಿಗೆ ನಾನು ಅದರಿಂದ ಪ್ರಯೋಜನವಿಲ್ಲ ಎಂದು ಕಲಿಸಿದೆ.

ಮರುದಿನ ಬೆಳಗ್ಗೆ ತಟ್ಟೆ ನಮ್ಮ ಬಾಗಿಲ ಮುಂದೆ ಇತ್ತು. ಎಳ್ಳು ತಂದವರ ತಟ್ಟೆಯನ್ನು ಖಾಲಿ ವಾಪಸು ಕೊಡಬಾರದು ಎಂಬುದು ಅವರಲ್ಲೂ ಇದೆ. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ತಟ್ಟೆಯಲ್ಲಿ ಆ ಗಿಳಿ ಹಾಗೆಯೇ ಇತ್ತು, ಕೊಕ್ಕು ಕೂಡ ಮುರಿಯದೆ. ಅದರ ಕೆಳಗೆ ನಾಲ್ಕು ಮಡಿಕೆ ಮಾಡಿದ ಒಂದು ನೋಟುಬುಕ್ಕಿನ ಹಾಳೆ. ಬೇರೆ ಯಾರೂ ಏಳುವ ಮೊದಲು ನಾನು ಎರಡನ್ನೂ ಎತ್ತಿಕೊಂಡೆ. ಗಿಳಿಯನ್ನು ಲೋಟದ ನೀರಿಗೆ ಹಾಕಿ ಕರಗಲೆಂದು ನಿಂತೆ. ತಣ್ಣೀರು. ಬಹಳ ಹೊತ್ತು ಹಿಡಿಯಿತು. ಮೊದಲು ಕಣ್ಣು ಹೋಯಿತು, ಆಮೇಲೆ ರೆಕ್ಕೆಯ ಗೆರೆಗಳು, ಆಮೇಲೂ ಗಿಳಿಯ ಆಕಾರ ಮಾತ್ರ ಉಳಿದೇ ಇತ್ತು. ಬಿಸಿನೀರು ತರಲು ನನಗೆ ಧೈರ್ಯವಾಗಲಿಲ್ಲ. ಅಲ್ಲೇ ನಿಂತಿದ್ದೆ.

ಹಾಳೆಯನ್ನು ಮಾತ್ರ ಹರಿಯಲು ಆಗಲಿಲ್ಲ.

ಹತ್ತು ದಿನಕ್ಕೆ ಅವರು ಕೋಣೆ ಖಾಲಿ ಮಾಡಿದರು. ಯಾರೂ ಹೋಗಿ ಎಂದಿರಲಿಲ್ಲ. ‘ಹೆಸರು ಕೆಟ್ಟ ಮನ್ಯಾಗ ಇರಂಗಿಲ್ರೀ ಸಾಹೇಬ್ರ,’ ಎಂದಳಂತೆ ಮಹಾದೇವಿ. ಕೆ.ಆರ್. ಪುರದ ಆಚೆ ಯಾವುದೋ ದೊಡ್ಡ ಕಟ್ಟಡದ ಕೆಲಸ. ಅಲ್ಲೇ ತಗಡಿನ ಶೆಡ್ಡು. ಹೋಗುವಾಗ ಅಂಬಿಕಾ ತಲೆಯ ಮೇಲೆ ಬಕೆಟ್ಟು ಹೊತ್ತು ಅಮ್ಮನ ಹಿಂದೆ ನಡೆದಳು. ಮೇಲೆ ನೋಡಲಿಲ್ಲ. ನಾನು ಕಿಟಕಿಯಲ್ಲಿದ್ದೆ.

ಇಲ್ಲಿಗೇ ನಿಲ್ಲಿಸಿದ್ದರೂ ನನ್ನ ತಪ್ಪು ಸಣ್ಣದಾಗುತ್ತಿರಲಿಲ್ಲ. ಆದರೆ ಇನ್ನೊಂದಿದೆ, ಅದನ್ನೂ ಬರೆಯಬೇಕು.

ಆರು ವರ್ಷದ ಮೇಲೆ, ಮತ್ತೊಂದು ಸಂಕ್ರಾಂತಿಯ ಹಿಂದಿನ ದಿನಗಳಲ್ಲಿ, ನಿಮ್ಮ ಅಮ್ಮನ ಜೊತೆ ಕೆ.ಆರ್. ಪುರದ ಸಂತೆಗೆ ಹೋಗಿದ್ದೆ. ಅವಳು ಹೂ ತರಲು ಆಚೆ ಹೋದಳು. ಅವರೆಕಾಯಿ ರಾಶಿಯ ಪಕ್ಕ ನಾನು ಒಬ್ಬಳೇ ನಿಂತಿದ್ದೆ. ‘ಶರಣ್ರೀ ಅಮ್ಮಾ,’ ಎಂದು ಯಾರೋ ನನ್ನ ಕಾಲು ಮುಟ್ಟಿದರು. ಮಹಾದೇವಿ. ಕೂದಲು ಅರ್ಧ ಬೆಳ್ಳಗಾಗಿತ್ತು.

ಅಂಬಿಕಾ ಹೇಗಿದ್ದಾಳೆ ಎಂದು ಕೇಳಿದೆ. ಕೇಳದೆ ಇರಲು ಆಗಲಿಲ್ಲ.

‘ಊರಾಗ ಅವರಜ್ಜಿ ಬಲ್ಲಿ ಅದಾಳ್ರೀ. ಇಲ್ಲಿ ಶೆಡ್ಡಿನ ಹತ್ರ ಸಾಲಿ ಇರ್ಲಿಲ್ಲ. ಅಲ್ಲೂ ಏಳನೇತ್ತಕ್ಕ ಬಿಡಸಿದ್ವಿ. ಹತ್ತಿ ಬಿಡಸಾಕ ಹೋಗ್ತಾಳ. ಬ್ಯಾಸಗಿಗಿ ಲಗ್ನ ಇಟ್ಕೊಂಡೀವಿ.’

ಅಂಬಿಕಾಳಿಗೆ ಆಗ ಹದಿನಾರು. ಚಿನ್ನು, ಆ ವರ್ಷ ನೀನು ಪಿಯುಸಿಗೆ ಯಾವ ಕಾಲೇಜು ಎಂದು ಮನೆಯಲ್ಲಿ ದಿನಾ ಚರ್ಚೆಯಾಗುತ್ತಿತ್ತು. ಅಷ್ಟು ಚಿಕ್ಕವಳಿಗೆ ಮದುವೆ ಬೇಡ ಎಂದಾದರೂ ಅನ್ನಬಹುದಿತ್ತು. ಅನ್ನಲಿಲ್ಲ.

ಮಹಾದೇವಿ ಸೆರಗಿನ ತುದಿ ಹಿಡಿದು, ತಗ್ಗಿದ ದನಿಯಲ್ಲಿ ಮುಂದುವರಿಸಿದಳು: ‘ಅಮ್ಮಾ, ಅವತ್ತು ಆಕಿ ನಿಮ್ಮ ಮನ್ಯಾಗ ತಪ್ಪು ಮಾಡಿದ್ಲು. ಸಣ್ಣಾಕಿ. ನೀವು ಮನಸಿಗಿ ಹಚ್ಕೋಬ್ಯಾಡ್ರಿ. ಆಕಿಗೂ ಭಾಳ ಚುಚ್ಚ್ಯಾದ್ರೀ. ಅವತ್ತಿನಿಂದ ಸಕ್ರಿ ಮುಟ್ಟಂಗಿಲ್ಲ. ಚಾದಾಗೂ ಹಾಕ್ಕೊಳ್ಳಂಗಿಲ್ಲ.’

ನನ್ನ ಮುಂದೆ ಕೈ ಮುಗಿದಳು.

ಈಗ ಹೇಳು, ಈಗಲಾದರೂ ಹೇಳು ಎಂದು ನನಗೆ ನಾನೇ ಹೇಳಿಕೊಂಡೆ. ಸಂತೆಯ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಆ ತಾಯಿ ಊರಿಗೆ ಫೋನು ಮಾಡಿ, ‘ನೀನಲ್ಲವಂತೆ ಮಗಳೇ’ ಎಂದು ಹೇಳಬಹುದಿತ್ತು. ಅಷ್ಟರಲ್ಲಿ ನಿಮ್ಮ ಅಮ್ಮ ಹೂವಿನ ಚೀಲ ಹಿಡಿದು ಜನರ ನಡುವೆ ಬರುತ್ತಿರುವುದು ಕಾಣಿಸಿತು.

‘ಹೋಗ್ಲಿ ಬಿಡಮ್ಮ,’ ಎಂದೆ. ‘ಮಕ್ಕಳು ಅಂದ್ರೆ ಹಂಗೇ.’

ನಾನು ಅವಳನ್ನು ಕ್ಷಮಿಸಿದೆ. ನಾನು ಯಾರಲ್ಲಿ ಕ್ಷಮೆ ಕೇಳಬೇಕಿತ್ತೋ ಅವಳ ತಾಯಿಯನ್ನು — ನಾನು ಕ್ಷಮಿಸಿದೆ. ಅವಳು ಸಮಾಧಾನದಿಂದ ಹೋದಳು.

ಆಮೇಲೆ ಮೂರು ವರ್ಷ, ಸಂತೆಗೆ ಹೋದಾಗಲೆಲ್ಲ ಹುಡುಕಿದೆ. ಅವರೆಕಾಯಿಯವಳನ್ನು ಕೇಳಿದೆ. ‘ಎಷ್ಟೊಂದು ಮಹಾದೇವಿಗಳು ಬರ್ತಾರೆ ಅಜ್ಜಿ, ಯಾರಂತ ಹೇಳ್ಲಿ?’ ಎಂದಳು. ಅವರ ಊರಿನ ಹೆಸರು ನನಗೆ ಗೊತ್ತಿಲ್ಲ. ಎರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದವರ ಊರಿನ ಹೆಸರು ನಾನು ಒಂದು ದಿನವೂ ಕೇಳಿರಲಿಲ್ಲ. ಅಂಬಿಕಾ ಈಗ ಎಲ್ಲಿದ್ದಾಳೋ, ಹೇಗಿದ್ದಾಳೋ... ಈ ಬರಹ ಅವಳ ಕೈ ಸೇರುವುದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ಧೈರ್ಯ ಬಂದದ್ದಕ್ಕಲ್ಲ. ಅವಳ ಕೈ ಸೇರುವ ಹಾಗಿದ್ದರೆ ಈಗಲೂ ಬರೆಯುತ್ತಿದ್ದೆನೋ ಇಲ್ಲವೋ — ಅದನ್ನು ಕೂಡ ನಾನು ಪ್ರಮಾಣ ಮಾಡಿ ಹೇಳಲಾರೆ.

ನಿಮ್ಮ ಅಮ್ಮನಿಗೂ ಇದನ್ನು ಓದಲು ಕೊಡಿ. ಅವಳನ್ನು ಯಾರೂ ಏನೂ ಅನ್ನಬೇಡಿ. ಅವಳು ನನ್ನನ್ನು ನಂಬಿದಳು, ಅಷ್ಟೇ. ಪುಟ್ಟ, ಇನ್ನು ಮೇಲೆ ಆ ಹೆಸರು ಹೇಳಿ ನಗಬೇಡ. ಈ ಸಂಕ್ರಾಂತಿಗೆ ಅಚ್ಚು ಅಂಗಡಿಯಿಂದ ತನ್ನಿ. ಮರದ ಗಿಳಿ ಪೆಟ್ಟಿಗೆಯಲ್ಲೇ ಇರಲಿ.

ಚಿನ್ನು, ನೀನು ಕೇಳಿದ್ದನ್ನು ಕೊಡುತ್ತೇನೆ. ತಣ್ಣೀರು ಬಿಸಿನೀರಿನದು, ತಟ್ಟೆಯ ಬಣ್ಣದ್ದು ಮೇಲೆಯೇ ಇದೆ. ಹರಳಿನದು ಹೀಗೆ: ಬಿಸಿನೀರಿನಲ್ಲಿ ಇನ್ನು ಕರಗಲಾರದು ಎನ್ನುವಷ್ಟು ಸಕ್ಕರೆ ಕರಗಿಸು; ಆ ಕೆಲಸ ದೊಡ್ಡವರೇ ಮಾಡಲಿ, ಮಕ್ಕಳ ಕೈ ಸುಟ್ಟೀತು. ದಾರವನ್ನು ಒದ್ದೆ ಮಾಡಿ ಪುಡಿ ಸಕ್ಕರೆಯಲ್ಲಿ ಹೊರಳಿಸಿ ಒಣಗಿಸು. ಪಾಕ ಆರಿದ ಮೇಲೆ ಇಳಿಬಿಡು. ಬಾಟಲಿ ಅಲುಗಿಸಬೇಡ. ದಿನವೂ ನೋಡು. ಮಕ್ಕಳಿಗೆ ಹೇಳುವಾಗ, ದಾರಕ್ಕೆ ಸಕ್ಕರೆ ಹಚ್ಚುವುದನ್ನು ಕಂಡುಹಿಡಿದವಳು ಅಂಬಿಕಾ ಎಂಬ ಹುಡುಗಿ, ಗಾರೆ ಕೆಲಸದವರ ಮಗಳು ಎಂದು ಹೇಳು. ಬಾಟಲಿ ಇಟ್ಟ ಮನೆಯಲ್ಲಿ ಅದನ್ನು ಯಾರು ಕಾಯಬೇಕಿತ್ತು ಎಂಬುದನ್ನೂ ಹೇಳು.

ಅವಳ ಹಾಳೆಯನ್ನು ಈ ನೋಟುಬುಕ್ಕಿನ ಕೊನೆಗೆ ಅಂಟಿಸಿದ್ದೇನೆ. ಪೆನ್ಸಿಲ್ಲಿನ ಅಕ್ಷರ ಮಾಸಿದೆ, ಆದರೂ ಓದಬಹುದು. ದಿನ ಎರಡು — ಮಿಂಚತದ, ಕಾಳಿಲ್ಲ. ದಿನ ನಾಲ್ಕು — ರಾಗಿ. ದಿನ ಆರು — ಎಳ್ಳು. ದಿನ ಒಂಬತ್ತು — ಅಕ್ಕಿ. ದಿನ ಹನ್ನೆರಡು — ತೊಗರಿ. ಅದರ ಕೆಳಗೆ ‘ದಿನ ಹದಿಮೂರು’ ಎಂದು ಮೊದಲೇ ಬರೆದು, ಮುಂದೆ ಖಾಲಿ ಬಿಟ್ಟಿದ್ದಾಳೆ.

ಒಂಬತ್ತು ವರ್ಷ ಅದು ಖಾಲಿಯೇ ಇತ್ತು. ಇವತ್ತು ಮಧ್ಯಾಹ್ನ ಅಲ್ಲಿ ನಾನು ಪೆನ್ನಿನಿಂದ ಬರೆದೆ: ‘ಅಜ್ಜಿ ಕರಗಿಸಿದಳು.’